ಅಂಕ ಕಡಿಮೆಯಾಗಿದ್ದು ಪಿಟೀಲಿನಿಂದಲೇ?

ಪ್ರಶ್ನೆ: ನಮ್ಮ ಮಗಳು ಕನ್ನಡ ಮಾಧ್ಯಮದಲ್ಲಿ ಓದಿ ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 588 ತೆಗೆದಳು. ಈಗ ಶಿವಮೊಗ್ಗದಲ್ಲಿ ಪ್ರಥಮ ಪಿಯುಸಿ, ಪಿಸಿಎಂಬಿ. ನೀಟ್ ಬರೆಯುವ ಆಸೆಯಿದೆ, ಅಗ್ರಿ ಬಿಎಸ್ಸಿ ಆದರೂ ಆಗಬಹುದು. ಎಂಟು ವರ್ಷದಿಂದ ಪಿಟೀಲು ಕಲಿಯುತ್ತಿದ್ದಾಳೆ. ಸಂಗೀತದ ಜೂನಿಯರ್ ಪರೀಕ್ಷೆ ಆಗಿದೆ, ಗುರುಗಳು ಸೀನಿಯರ್‌ಗೆ ಕಟ್ಟಿಸೋಣ ಎನ್ನುತ್ತಿದ್ದಾರೆ. ಕಾಲೇಜಿನ ವಾಲಿಬಾಲ್ ತಂಡದಲ್ಲೂ ಇದ್ದಾಳೆ. ಮೊದಲ ಕಿರುಪರೀಕ್ಷೆಯಲ್ಲಿ ಭೌತಶಾಸ್ತ್ರಕ್ಕೆ 50ಕ್ಕೆ 28 ಬಂತು. ರಾತ್ರಿ ಹನ್ನೊಂದೂವರೆವರೆಗೆ ಪುಸ್ತಕ ಹಿಡಿದು ಕೂರುತ್ತಾಳೆ, ಬೆಳಿಗ್ಗೆ ಐದೂವರೆಗೆ ಏಳುತ್ತಾಳೆ. ‘ಎರಡು ವರ್ಷ ಎಲ್ಲ ಬಂದ್ ಮಾಡಿ, ಆಮೇಲೆ ಏನು ಬೇಕೋ ಮಾಡಲಿ’ ಎನ್ನುತ್ತಾಳೆ ನನ್ನ ಹೆಂಡತಿ. ನನಗೆ ಮನಸ್ಸು ಒಪ್ಪುತ್ತಿಲ್ಲ. ಇಂಥ ಸರ್ಟಿಫಿಕೇಟುಗಳಿಂದ ಮುಂದೆ ಸೀಟಿಗೂ ಅನುಕೂಲ ಅಂತ ಕೆಲವರು ಹೇಳುತ್ತಾರೆ. ಅವಳ ದಿನಚರಿ, ಉತ್ತರಪತ್ರಿಕೆಯ ಫೋಟೋ ಕಳಿಸಿದ್ದೇನೆ. ದಾರಿ ತಿಳಿಸಿ.

ಉತ್ತರ: ನಿಮ್ಮ ಮನೆಯಲ್ಲಿ ನಡೆಯುತ್ತಿರುವ ಚರ್ಚೆ ಪಿಟೀಲು ಇರಬೇಕೋ ಬೇಡವೋ ಎಂಬಲ್ಲಿಗೆ ಬಂದು ನಿಂತಿದೆ. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಆ 22 ಅಂಕ ಹೋಗಿದ್ದು ಎಲ್ಲಿ? ನೀವು ಉತ್ತರಪತ್ರಿಕೆಯನ್ನೇ ಕಳಿಸಿದ್ದು ಒಳ್ಳೆಯದಾಯಿತು, ಉತ್ತರ ಅದರಲ್ಲೇ ಇದೆ.

ಪುಟ ಪುಟ ನೋಡಿ ಕಳೆದುಹೋದ ಅಂಕಗಳನ್ನು ನಾಲ್ಕು ಗುಂಪು ಮಾಡಿದೆ. ನಿಜವಾಗಿಯೂ ವಿಷಯ ಗೊತ್ತಿಲ್ಲದೆ ಹೋಗಿದ್ದು 2 ಅಂಕ ಮಾತ್ರ. ಏಕಮಾನ ಬರೆಯದೆ, ಸದಿಶದ ಮೇಲೆ ಬಾಣದ ಗುರುತು ಹಾಕದೆ, ಚಿತ್ರಕ್ಕೆ ಹೆಸರು ಕೊಡದೆ ಹೋಗಿದ್ದು 5. ಕೊನೆಯ ಪ್ರಶ್ನೆಗಳಿಗೆ ಸಮಯ ಸಾಲದೆ 6. ಉಳಿದ 9 ಅಂಕ ಹೋಗಿದ್ದು ವ್ಯಾಖ್ಯೆ, ವಿವರಣೆ ಕೇಳಿದ ಕಡೆ. ಅಲ್ಲಿ ಅವಳು ಅರ್ಧ ವಾಕ್ಯ ಬರೆದು ಹೊಡೆದುಹಾಕಿದ್ದಾಳೆ, ಮತ್ತೆ ಬರೆದು ಮತ್ತೆ ಹೊಡೆದುಹಾಕಿದ್ದಾಳೆ. ವೇಗ-ಕಾಲ ನಕ್ಷೆಯಿಂದ ಚಲನೆಯ ಸಮೀಕರಣ ಸಾಧಿಸುವ ಪ್ರಶ್ನೆಯನ್ನೇ ನೋಡಿ. ನಕ್ಷೆ ಸರಿಯಾಗಿದೆ. ಆಯತ, ತ್ರಿಭುಜ ಎಂದು ಒಡೆದು ಕ್ಷೇತ್ರಫಲ ಹಿಡಿದಿದ್ದೂ ಸರಿಯಾಗಿದೆ. ‘ನಕ್ಷೆಯ ಕೆಳಗಿನ ಕ್ಷೇತ್ರಫಲವೇ ಸ್ಥಾನಪಲ್ಲಟ’ ಎಂದು ಇಂಗ್ಲಿಷಿನಲ್ಲಿ ಬರೆಯಬೇಕಾದ ಒಂದು ಸಾಲು ಮಾತ್ರ ಇಲ್ಲ. ಆ ಜಾಗದಲ್ಲಿ ಪೆನ್ನು ನಿಂತು ಮಸಿ ಚುಕ್ಕೆ ಬಿದ್ದಿದೆ. ಕೊನೆಯ ಪ್ರಶ್ನೆಗಳಿಗೆ ಸಮಯ ಸಾಲದ್ದಕ್ಕೂ ಇದೇ ಕಾರಣ. ವಾಕ್ಯ ಹುಡುಕುವುದರಲ್ಲೇ ಹೊತ್ತು ಹೋಗಿದೆ.

ಹೀಗಾಗಿ 22ರಲ್ಲಿ ಸುಮಾರು 15 ಅಂಕವನ್ನು ತಿಂದಿದ್ದು ಮಾಧ್ಯಮ ಬದಲಾವಣೆ. ಜವ ಯಾವುದು, ವೇಗ ಯಾವುದು ಎಂದು ಹತ್ತನೇ ತರಗತಿಯ ಹೊತ್ತಿಗೇ ಅವಳಿಗೆ ಗೊತ್ತಿತ್ತು. ಈಗ ಅದೇ ಸ್ಪೀಡ್, ವೆಲಾಸಿಟಿ ಆಗಿ ಬಂದಾಗ ತಡಕಾಡುತ್ತಿದ್ದಾಳೆ. ವೇಗೋತ್ಕರ್ಷ, ಸಂವೇಗಗಳ ಪಾಡೂ ಇದೇ. ಕನ್ನಡ ಮಾಧ್ಯಮದಿಂದ ವಿಜ್ಞಾನಕ್ಕೆ ಬಂದ ಬುದ್ಧಿವಂತ ಮಕ್ಕಳಲ್ಲಿ ಮೊದಲ ಐದಾರು ತಿಂಗಳು ಇದನ್ನು ಮತ್ತೆ ಮತ್ತೆ ನೋಡುತ್ತೇವೆ. ಮನೆಯವರು ಸಂಗೀತವನ್ನೋ ಆಟವನ್ನೋ ನಿಲ್ಲಿಸುತ್ತಾರೆ, ಮುಂದಿನ ಪರೀಕ್ಷೆಯಲ್ಲೂ ಅಂಕ ಏರುವುದಿಲ್ಲ, ಆಗ ‘ಇವಳಿಗೆ ವಿಜ್ಞಾನ ಆಗುವುದಿಲ್ಲ’ ಎಂಬ ತೀರ್ಮಾನಕ್ಕೆ ಬರುತ್ತಾರೆ. ಎರಡೂ ತಪ್ಪು.

ಇದಕ್ಕೆ ಮದ್ದು ಸರಳ, ಆದರೆ ದಿನವೂ ಆಗಬೇಕು. ಇನ್ನೂರು ಪುಟದ ಒಂದು ನೋಟ್‌ಬುಕ್ಕಿನಲ್ಲಿ ಪುಟಕ್ಕೆ ಎರಡು ಕಂಬ ಹಾಕಿಸಿ. ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಅವಳಿಗೆ ಗೊತ್ತಿರುವ ಕನ್ನಡ ಪದ, ಕೆಳಗೆ ಆ ಪದ ಬಳಸಿ ಪಠ್ಯಪುಸ್ತಕದಿಂದಲೇ ಎತ್ತಿದ ಒಂದು ಪೂರ್ತಿ ಇಂಗ್ಲಿಷ್ ವಾಕ್ಯ. ಬರೀ ಪದ ಸಾಲದು, ಪರೀಕ್ಷೆಯಲ್ಲಿ ಕೈ ಕೊಡುವುದು ವಾಕ್ಯ. ಪಾಠಕ್ಕೆ 15 ಪದ ಸಾಕು. ಬಸ್ಸಿನ 40 ನಿಮಿಷದಲ್ಲಿ ಬಲಗಡೆ ಮುಚ್ಚಿಕೊಂಡು ಎಡಗಡೆ ಕೇಳಿಕೊಳ್ಳಲಿ. ಸಂಜೆ ಪುಸ್ತಕ ಮುಚ್ಚಿಟ್ಟು ಖಾಲಿ ಹಾಳೆಯ ಮೇಲೆ ಐದು ವಾಕ್ಯ ನೆನಪಿನಿಂದ ಬರೆಯಲಿ. ಓದಿದ್ದನ್ನೇ ಮತ್ತೆ ಮತ್ತೆ ಓದಿದರೆ ‘ಬಂತು’ ಅನ್ನಿಸುತ್ತದೆ, ವಾರ ಕಳೆದ ಮೇಲೆ ಉಳಿದಿರುವುದಿಲ್ಲ. ರೋಡಿಗರ್ ಮತ್ತು ಕಾರ್ಪಿಕ್ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ತೋರಿಸಿದ್ದೂ ಇದನ್ನೇ. ಐದು ನಿಮಿಷದ ನಂತರ ಕೇಳಿದಾಗ ಮರುಓದಿದವರು ಮುಂದಿದ್ದರು, ವಾರದ ನಂತರ ಕೇಳಿದಾಗ ನೆನಪಿನಿಂದ ಬರೆದು ನೋಡಿಕೊಂಡವರು ಮುಂದಿದ್ದರು.

ಇನ್ನು ಹೊತ್ತಿನ ಲೆಕ್ಕ. ವಾರಕ್ಕೆ 168 ಗಂಟೆ. ನೀವು ಕಳಿಸಿದ ದಿನಚರಿಯ ಪ್ರಕಾರ ನಿದ್ದೆ 42 ಗಂಟೆ, ಕಾಲೇಜು 48, ಬಸ್ಸು 8, ಊಟ-ಸ್ನಾನ ಇತ್ಯಾದಿ 17½, ಪಿಟೀಲಿನ ಮೂರು ಪಾಠ ಹೋಗಿ ಬರುವುದೂ ಸೇರಿ 5, ಮನೆಯ ಅಭ್ಯಾಸ ದಿನಕ್ಕೆ 45 ನಿಮಿಷದಂತೆ 5¼, ವಾಲಿಬಾಲ್ ನಾಲ್ಕು ದಿನ 6, ಮೊಬೈಲ್ 12. ಓದಿಗೆ ಉಳಿಯುವುದು ಸುಮಾರು 24 ಗಂಟೆ.

ಈ ಲೆಕ್ಕದಲ್ಲಿ ನನ್ನನ್ನು ಹೆದರಿಸಿದ್ದು ನಿದ್ದೆ. ಹದಿಮೂರರಿಂದ ಹದಿನೆಂಟರ ವಯಸ್ಸಿನವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು ಎನ್ನುತ್ತಾರೆ ನಿದ್ರಾತಜ್ಞರು. ಅವಳಿಗೆ ಸಿಗುತ್ತಿರುವುದು 6. ಹಗಲು ಕಲಿತದ್ದು ನೆನಪಿನಲ್ಲಿ ಗಟ್ಟಿಯಾಗುವುದೇ ನಿದ್ದೆಯಲ್ಲಿ. ರಾತ್ರಿ ಹತ್ತರಿಂದ ಹನ್ನೊಂದೂವರೆವರೆಗೆ ಪುಸ್ತಕ ಹಿಡಿದು ಕೂತ ಹೊತ್ತನ್ನು ಓದಿನ ಲೆಕ್ಕಕ್ಕೆ ಸೇರಿಸಬೇಡಿ. ಕಣ್ಣು ಸಾಲಿನ ಮೇಲೆ ಓಡುತ್ತಿರುತ್ತದೆ, ತಲೆಗೆ ಇಳಿಯುವುದಿಲ್ಲ. ಮರುದಿನ ಎರಡನೇ ಪೀರಿಯಡ್ಡಿಗೇ ತೂಕಡಿಕೆ. ಕಾಲೇಜಿನ 48 ಗಂಟೆಯೂ ಹೀಗೆ ಸೋರುತ್ತಿದ್ದರೆ ಮನೆಯಲ್ಲಿ ಎಷ್ಟು ಓದಿದರೂ ಸಾಲದು.

ಪಿಟೀಲನ್ನು ಪೂರ್ತಿ ನಿಲ್ಲಿಸಿದರೆ ಸಿಗುವುದು ವಾರಕ್ಕೆ 10¼ ಗಂಟೆ. ಅಷ್ಟನ್ನೂ ನಿದ್ದೆಗೇ ಕೊಟ್ಟರೂ ದಿನಕ್ಕೆ ಏಳೂವರೆ ಗಂಟೆ ಮುಟ್ಟುವುದಿಲ್ಲ. ಹಾಗಾಗಿ ಒಂದನ್ನೇ ಕಡಿಯುವ ಬದಲು ನಾಲ್ಕು ಕಡೆಯಿಂದ ಸ್ವಲ್ಪ ಸ್ವಲ್ಪ ತೆಗೆಯಿರಿ ಎನ್ನುತ್ತೇನೆ. ಮೊಬೈಲ್ 12ರಿಂದ 5ಕ್ಕೆ ಇಳಿಯಲಿ. ಕಾಲೇಜಿನ ನೋಟ್ಸು ವಾಟ್ಸ್ಆ್ಯಪ್ ಗುಂಪಿನಲ್ಲೇ ಬರುವುದರಿಂದ ಪೂರ್ತಿ ಕಿತ್ತುಕೊಂಡರೆ ನಡೆಯುವುದಿಲ್ಲ. ನೋಟ್ಸನ್ನು ಅರ್ಧ ಗಂಟೆಯಲ್ಲಿ ಇಳಿಸಿಕೊಂಡು ಫೋನು ನಡುಮನೆಯಲ್ಲಿ ಇರಲಿ. ವಾಲಿಬಾಲ್ ನಾಲ್ಕರ ಬದಲು ಎರಡು ದಿನ. ಪಿಟೀಲಿನ ಪಾಠ ಮೂರರ ಬದಲು ಎರಡು. ಮನೆಯ ಅಭ್ಯಾಸ ವಾರಕ್ಕೆ ನಾಲ್ಕು ದಿನ, 25 ನಿಮಿಷ. ಒಟ್ಟು ಸುಮಾರು 15 ಗಂಟೆ ಉಳಿಯುತ್ತದೆ. ಅದರಲ್ಲಿ 14 ಗಂಟೆ ನಿದ್ದೆಗೆ ಹೋದರೆ ರಾತ್ರಿ 9.45ರಿಂದ ಬೆಳಿಗ್ಗೆ 5.45, ಪೂರ್ತಿ ಎಂಟು ಗಂಟೆ. ಓದಿನ ಹೊತ್ತು ಒಂದಿಷ್ಟೂ ಕಡಿಮೆಯಾಗುವುದಿಲ್ಲ, ಗಂಟೆಯಷ್ಟು ಹೆಚ್ಚೇ ಆಗುತ್ತದೆ.

ಆಟ, ಪಿಟೀಲಿನ ಪಾಠ ಎರಡೂ ಇಲ್ಲದ ದಿನ ಸಂಜೆ 5.45ರಿಂದ 7.15 ಓದು, 7.15ರಿಂದ 7.40 ಪಿಟೀಲು, ಊಟ, 8.15ರಿಂದ 9.30 ಮತ್ತೆ ಓದು. ಪಿಟೀಲು ಎರಡು ಓದಿನ ನಡುವೆ ಬರಲಿ, ಕೊನೆಗೆ ತಳ್ಳಬೇಡಿ. ಕೊನೆಗೆ ಇಟ್ಟದ್ದು ಎರಡನೇ ವಾರಕ್ಕೇ ಬಿಟ್ಟುಹೋಗುತ್ತದೆ. ಆಟದ ದಿನ ಮನೆ ಸೇರುವುದು 6.40. ಆ ಸಂಜೆ ಥಿಯರಿ ಓದಿದರೆ ನಿದ್ದೆ ಬರುತ್ತದೆ, ಲೆಕ್ಕ ಬಿಡಿಸಲಿ, ಚಿತ್ರ ಬರೆಯಲಿ. ಕೈ ಆಡುತ್ತಿದ್ದರೆ ಎಚ್ಚರ ಇರುತ್ತದೆ. ಉಳಿದ ಮುಕ್ಕಾಲು ಗಂಟೆ ಮರುದಿನ ಬೆಳಿಗ್ಗೆ. ಭಾನುವಾರ 7 ಗಂಟೆ ಸಾಕು. ಹೀಗೆ ಕೂಡಿಸಿದಾಗ ವಾರದಲ್ಲಿ ಸುಮಾರು 2 ಗಂಟೆ ಮಿಕ್ಕುತ್ತದೆ. ಅದನ್ನು ದಯವಿಟ್ಟು ಯಾವುದಕ್ಕೂ ಹಂಚಬೇಡಿ. ನೆಂಟರು ಬರುತ್ತಾರೆ, ಕರೆಂಟ್ ಹೋಗುತ್ತದೆ, ಮಳೆಗೆ ಬಸ್ಸು ತಡವಾಗುತ್ತದೆ. ನಿಮಿಷ ನಿಮಿಷಕ್ಕೂ ಬಣ್ಣ ಹಚ್ಚಿದ ವೇಳಾಪಟ್ಟಿಗಳು ಮುರಿದುಬೀಳುವುದೇ ಈ ಸಡಿಲ ಇಲ್ಲದ್ದಕ್ಕೆ.

25 ನಿಮಿಷದಲ್ಲಿ ಏನು ನುಡಿಸಲು ಸಾಧ್ಯ ಎಂದು ಗುರುಗಳು ಕೇಳಬಹುದು. ಹೊಸದು ಹೆಚ್ಚು ಬರುವುದಿಲ್ಲ, ಅದನ್ನು ಒಪ್ಪಿಕೊಳ್ಳಬೇಕು. ಇದ್ದದ್ದು ಕೆಡುವುದಿಲ್ಲ. ಶ್ರುತಿ ಕೂಡಿಸಿ ಮೊದಲ 5 ನಿಮಿಷ ಒಂದು ಅಲಂಕಾರ ಮೂರು ಕಾಲದಲ್ಲಿ, ಅಂದರೆ ಮೂರು ವೇಗದಲ್ಲಿ. ನಂತರ 12 ನಿಮಿಷ ಕಷ್ಟದ ಒಂದೇ ಜಾಗ. ವರ್ಣದ ಚರಣದಲ್ಲಿ ಬೆರಳು ಎಡವುವ ಎರಡು ಆವರ್ತ ಎಂದಿಟ್ಟುಕೊಳ್ಳಿ. ಪೂರ್ತಿ ವರ್ಣ ನುಡಿಸುವುದು ಬೇಡ, ಬರುವ ಭಾಗವನ್ನೇ ಮತ್ತೆ ನುಡಿಸಿದರೆ ಹೊತ್ತು ಹೋಗುತ್ತದೆ. ಉಳಿದ 8 ನಿಮಿಷ ಅವಳಿಗೆ ಇಷ್ಟವಾದ ಒಂದು ಕೃತಿ, ಯಾರೂ ತಿದ್ದದೆ. ಈ ಎಂಟು ನಿಮಿಷವನ್ನು ಉಳಿಸಿಕೊಡಿ. ದಿನವಿಡೀ ಅವಳು ಮಾಡುವ ಕೆಲಸಗಳಲ್ಲಿ ಅಂಕ ಇಲ್ಲದ್ದು ಅದೊಂದೇ.

ನಿಮ್ಮ ಹೆಂಡತಿಯ ಮಾತಿಗೆ ಬರುತ್ತೇನೆ. ಅವರ ಆತಂಕ ಸುಳ್ಳಲ್ಲ, ಪಿಯುಸಿ ಎರಡು ವರ್ಷ ನಿಜಕ್ಕೂ ಬಿಗಿಯಾದದ್ದು. ‘ಆಮೇಲೆ ಮಾಡಲಿ’ ಎಂಬುದು ಮಾತ್ರ ಅಂದುಕೊಂಡಷ್ಟು ಸುಲಭವಲ್ಲ. ಹದಿನಾರಕ್ಕೆ ನಿಲ್ಲಿಸಿದ ವಾದ್ಯ ಹದಿನೆಂಟಕ್ಕೆ ಕೈಗೆ ಬರುವ ಹೊತ್ತಿಗೆ ಅವಳು ಹಾಸ್ಟೆಲಿನಲ್ಲಿ ಇರುತ್ತಾಳೆ, ಗುರುಗಳು ಊರಿನಲ್ಲಿ ಇರುತ್ತಾರೆ. ಎಡಗೈ ಬೆರಳ ತುದಿಯ ಗಟ್ಟಿ ಚರ್ಮ ಕೆಲವೇ ವಾರದಲ್ಲಿ ಮೆದುವಾಗುತ್ತದೆ, ಆದರೆ ಅದು ಬೇಗ ಮರಳುತ್ತದೆ. ಮರಳಲು ತಿಂಗಳುಗಟ್ಟಲೆ ಹಿಡಿಯುವುದು ಸ್ವರಸ್ಥಾನ ಮತ್ತು ಕಮಾನಿನ ಹಿಡಿತ. ಪಿಟೀಲಿಗೆ ವೀಣೆಯಂತೆ ಮೆಟ್ಟಿಲಿಲ್ಲ, ಬೆರಳು ಎಲ್ಲಿ ಕೂರಬೇಕು ಎಂಬುದನ್ನು ಕಿವಿಯೇ ಹೇಳಬೇಕು. ಅಪಸ್ವರ ತನಗೇ ಕೇಳಿಸುತ್ತದೆ, ಮನಸ್ಸು ಕುಗ್ಗುತ್ತದೆ, ಅಲ್ಲಿಗೆ ಬಿಟ್ಟುಬಿಡುತ್ತಾರೆ. ಮಲೆನಾಡಿನ ಮಳೆಗಾಲ ವಾದ್ಯವನ್ನೂ ಬಿಡುವುದಿಲ್ಲ. ಪೆಟ್ಟಿಗೆಯಲ್ಲೇ ಆರು ತಿಂಗಳು ಮುಚ್ಚಿಟ್ಟರೆ ಬಿರಡೆ ಉಬ್ಬಿ ಕಚ್ಚಿಕೊಳ್ಳುತ್ತದೆ, ತಂತಿಗೆ ತುಕ್ಕು ಹಿಡಿಯುತ್ತದೆ, ಕಮಾನಿನ ಕೂದಲಿಗೆ ಹುಳ ಬೀಳುತ್ತದೆ. ಎಷ್ಟೇ ಗಡಿಬಿಡಿ ಇರಲಿ, ನುಡಿಸಿದ ಮೇಲೆ ಕಮಾನಿನ ಕೂದಲು ಸಡಿಲಿಸಿ ಇಡುವುದನ್ನು ಮರೆಯದಿರಲಿ.

ಸರ್ಟಿಫಿಕೇಟಿನ ವಿಷಯದಲ್ಲಿ ನೇರವಾಗಿ ಹೇಳುತ್ತೇನೆ. ಪಿಟೀಲಿನ ಜೂನಿಯರ್, ಸೀನಿಯರ್ ಪ್ರಮಾಣಪತ್ರಗಳಿಂದ ನೀಟ್ ರ್‍ಯಾಂಕಿಗಾಗಲಿ ಸಿಇಟಿ ರ್‍ಯಾಂಕಿಗಾಗಲಿ ಒಂದು ಅಂಕವೂ ಸೇರುವುದಿಲ್ಲ. ಮೆಡಿಕಲ್ ಸೀಟು ನೀಟ್ ರ್‍ಯಾಂಕಿನ ಮೇಲೆ. ಪಿಯುಸಿಯಲ್ಲಿ ಸಾಮಾನ್ಯ ವರ್ಗದವರಿಗೆ ವಿಜ್ಞಾನ ವಿಷಯಗಳಲ್ಲಿ ಒಟ್ಟು ಶೇ 50 ಇದ್ದರಾಯಿತು. ಅಗ್ರಿ ಬಿಎಸ್ಸಿಗೆ ಸಿಇಟಿಯ ಅರ್ಧ, ದ್ವಿತೀಯ ಪಿಯುಸಿ ಅಂಕದ ಅರ್ಧ ಸೇರಿಸಿ ರ್‍ಯಾಂಕ್ ಕಟ್ಟುತ್ತಾರೆ. ಕ್ರೀಡೆಗೆ, ಎನ್‌ಸಿಸಿಗೆ ರಾಜ್ಯದ ಸೀಟುಗಳಲ್ಲಿ ವಿಶೇಷ ವರ್ಗ ಇದೆ ನಿಜ. ಆದರೆ ಸೀಟು ಬೆರಳೆಣಿಕೆಯಷ್ಟು, ಸ್ಪರ್ಧೆ ಮೇಲಿನ ಮಟ್ಟದ ಪದಕ ಗೆದ್ದವರ ನಡುವೆ. ತಾಲ್ಲೂಕು ಮಟ್ಟದ ಪತ್ರ ನಂಬಿಕೊಂಡು ಲೆಕ್ಕ ಹಾಕಬೇಡಿ. ಐಐಟಿ ಮದ್ರಾಸ್ ಕ್ರೀಡೆಗೆ, ನಂತರ ಲಲಿತಕಲೆಗೂ ಪ್ರತ್ಯೇಕ ಸೀಟು ಇಟ್ಟಿದೆ ಎಂದು ನೀವು ಓದಿರಬಹುದು. ಅದಕ್ಕೂ ಜೆಇಇ ಅಡ್ವಾನ್ಸ್ಡ್ ಪಾಸಾಗಿ ಪಟ್ಟಿಯಲ್ಲಿ ಹೆಸರು ಬಂದಿರಲೇಬೇಕು. ಸೀಟಿನ ಆಸೆಗೆ ಪಿಟೀಲು ಮುಂದುವರಿಸುವುದಾದರೆ ಇವತ್ತೇ ನಿಲ್ಲಿಸಬಹುದು. ನುಡಿಸಬೇಕೆಂದು ನುಡಿಸುವುದಾದರೆ ಮಾತ್ರ ಈ ಶ್ರಮಕ್ಕೆ ಅರ್ಥ.

‘ಟಾಪರುಗಳು ಎಲ್ಲವನ್ನೂ ಮಾಡುತ್ತಾರೆ’ ಎಂಬುದನ್ನೂ ಅವಳ ಮುಂದೆ ಹೇಳಬೇಡಿ. ಫಲಿತಾಂಶದ ದಿನ ಪತ್ರಿಕೆಯಲ್ಲಿ ಬರುವುದು ಎಲ್ಲ ಕೂಡಿಬಂದವರ ಫೋಟೋ. ಎಲ್ಲವನ್ನೂ ಹೊತ್ತು ಸುಸ್ತಾದವರ ಫೋಟೋ ಯಾರೂ ಹಾಕುವುದಿಲ್ಲ.

ನಿಮ್ಮ ಪರವಾಗಿ ಒಂದು ಅನುಕೂಲ ಇದೆ. ಪ್ರಥಮ ಪಿಯುಸಿಯ ಅಂಕ ಸಿಇಟಿ ರ್‍ಯಾಂಕಿಗೆ ಬರುವುದಿಲ್ಲ. ಆದರೆ ಪ್ರಥಮ ಪಿಯುಸಿಯ ಪಾಠ ಸಿಇಟಿಗೂ ಬರುತ್ತದೆ, ನೀಟ್‌ಗೂ ಬರುತ್ತದೆ. ಈ ವರ್ಷ 28 ಬಂದರೂ ನಷ್ಟವಿಲ್ಲ, ಆ ಪಾಠ ಅರೆಬರೆ ಉಳಿದರೆ ನಷ್ಟ. ಹಾಗಾಗಿ ಭಾಷೆ ಸರಿಪಡಿಸಿಕೊಳ್ಳಲು, ಹೊತ್ತು ಹೊಂದಿಸಿ ನೋಡಲು ಈ ವರ್ಷವೇ ತಕ್ಕದ್ದು.

ಸೀನಿಯರ್ ಪರೀಕ್ಷೆಯನ್ನು ಏನು ಮಾಡುವುದು? ಅದಕ್ಕೆ ಪ್ರಾಯೋಗಿಕದ ಜೊತೆ ಶಾಸ್ತ್ರದ ಪತ್ರಿಕೆಯೂ ಇರುತ್ತದೆ, ರಾಗಲಕ್ಷಣ, ತಾಳ ಎಂದು ಅದೂ ಓದೇ. 25 ನಿಮಿಷದ ಅಭ್ಯಾಸದಲ್ಲಿ ಅದು ಆಗುವ ಮಾತಲ್ಲ. ನನ್ನ ಸಲಹೆ: ಈಗ ಕಟ್ಟಿಸಬೇಡಿ, ದ್ವಿತೀಯ ಪಿಯುಸಿ ಮುಗಿದ ಮೇಲೆ ಕಟ್ಟಲಿ. ಗುರುಗಳ ಬಳಿ ನೀವೂ ಮಗಳೂ ಒಟ್ಟಿಗೆ ಹೋಗಿ ಮಾತಾಡಿ. ‘ಬಿಡುತ್ತಿದ್ದೇವೆ’ ಎನ್ನಬೇಡಿ, ‘ಮುಂದಿನ ವರ್ಷದ ಅಕ್ಟೋಬರ್‌ವರೆಗೆ ವಾರಕ್ಕೆ ಎರಡು ಪಾಠ, ಆಮೇಲೆ ಮೇ ತಿಂಗಳವರೆಗೆ ತಿಂಗಳಿಗೊಮ್ಮೆ ಬಂದು ನುಡಿಸಿ ತೋರಿಸುತ್ತಾಳೆ, ಜೂನ್ ಮೊದಲ ವಾರ ಮತ್ತೆ ಶುರು’ ಎಂದು ದಿನಾಂಕ ಸಮೇತ ಹೇಳಿ. ದ್ವಿತೀಯ ಪಿಯುಸಿ ಪರೀಕ್ಷೆ, ಏಪ್ರಿಲ್‌ನ ಸಿಇಟಿ, ಮೇ ಮೊದಲ ಭಾನುವಾರದ ಹೊತ್ತಿನ ನೀಟ್ ಎಲ್ಲ ಅಷ್ಟರಲ್ಲಿ ಮುಗಿದಿರುತ್ತವೆ. ಮರಳುವ ದಿನ ಗೊತ್ತಿದ್ದರೆ ಗುರುಗಳಿಗೂ ಬೇಸರವಾಗುವುದಿಲ್ಲ, ಹುಡುಗಿಗೂ ಕಳೆದುಕೊಂಡೆ ಅನ್ನಿಸುವುದಿಲ್ಲ. ಆ ಬಿಗಿ ತಿಂಗಳುಗಳಲ್ಲೂ ದಿನಕ್ಕೆ 15 ನಿಮಿಷ ಕಮಾನು ಕೈಯಲ್ಲಿರಲಿ. ಮನೆಯವರಿಗೆ ಸದ್ದು ಕಿರಿಕಿರಿಯಾದರೆ ಪಿಟೀಲಿನ ಕುದುರೆಗೆ (ತಂತಿಗಳನ್ನು ಹೊತ್ತ ಬ್ರಿಡ್ಜ್‌ಗೆ) ಸಿಕ್ಕಿಸುವ ಮ್ಯೂಟ್ ವಾದ್ಯದ ಅಂಗಡಿಗಳಲ್ಲಿ ಸಿಗುತ್ತದೆ.

ವಾಲಿಬಾಲ್ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಬಿಗಿ. ಎರಡು ದಿನದ ಆಟ ಅವಳ ಮೈಗೂ ನಿದ್ದೆಗೂ ಒಳ್ಳೆಯದೇ, ಅದನ್ನು ಉಳಿಸಿ. ತಂಡದ ಆಯ್ಕೆ, ಶಿಬಿರ, ಪಂದ್ಯಕ್ಕೆ ಊರೂರು ತಿರುಗುವುದು ಬೇರೆಯೇ ಹೊರೆ. ಒಂದು ಪಂದ್ಯಾವಳಿಗೆ ಮೂರು ದಿನ ಹೋದರೆ ಪಾಠಕ್ಕಿಂತ ಲ್ಯಾಬ್ ತಪ್ಪುವುದೇ ದೊಡ್ಡ ತೊಂದರೆ. ಪಾಠವನ್ನು ಗೆಳತಿಯ ನೋಟ್ಸಿನಿಂದ ಹಿಡಿಯಬಹುದು, ತಪ್ಪಿದ ಟೈಟ್ರೇಶನ್ ಅನ್ನು ಓದಿ ಕಲಿಯಲಾಗುವುದಿಲ್ಲ. ವಿಜ್ಞಾನ ವಿಷಯಕ್ಕೆ 30 ಅಂಕ ಪ್ರಾಯೋಗಿಕಕ್ಕಿದೆ. ಹೋಗುವ ಮೊದಲೇ ಉಪನ್ಯಾಸಕರನ್ನು ಕೇಳಿ ಅದೇ ವಾರ ಇನ್ನೊಂದು ಬ್ಯಾಚಿನ ಜೊತೆ ಆ ಪ್ರಯೋಗ ಮುಗಿಸಿಕೊಳ್ಳಬೇಕು, ಪ್ರಾಂಶುಪಾಲರಿಂದ ಹಾಜರಾತಿಯ ಪತ್ರ ಬರವಣಿಗೆಯಲ್ಲಿ ಪಡೆಯಬೇಕು. ಶೇ 75 ಹಾಜರಾತಿ ಕಡ್ಡಾಯ ಎಂಬುದು ಫೆಬ್ರವರಿಯಲ್ಲಿ ನೆನಪಾದರೆ ಪ್ರಯೋಜನವಿಲ್ಲ. ಇನ್ನೊಂದು ಮಾತು, ಪಿಟೀಲು ನುಡಿಸುವವಳಾದ್ದರಿಂದ: ಚೆಂಡು ತಗುಲಿ ಬೆರಳು ಉಳುಕುವುದು ಈ ಆಟದಲ್ಲಿ ಸಾಮಾನ್ಯ. ಮೈದಾನದಲ್ಲಿ ಯಾರಾದರೂ ಬೆರಳು ಹಿಡಿದು ಎಳೆಯಲು ಬರುತ್ತಾರೆ, ಎಳೆಯಲು ಬಿಡಬಾರದು. ತಣ್ಣೀರು ಬಟ್ಟೆ ಅಥವಾ ಬಟ್ಟೆಯಲ್ಲಿ ಸುತ್ತಿದ ಐಸ್, ಪಕ್ಕದ ಬೆರಳಿನ ಜೊತೆ ಸೇರಿಸಿ ಟೇಪು. ಊತ ಹೆಚ್ಚಿದ್ದರೆ, ಬೆರಳು ಸೊಟ್ಟಗಾಗಿದ್ದರೆ ಅಥವಾ ಮಡಚಲು ಬಾರದಿದ್ದರೆ ಅವತ್ತೇ ಎಕ್ಸ್‌ರೇ.

ಯಾವಾಗ ನಿಜವಾಗಿಯೂ ನಿಲ್ಲಿಸಬೇಕು ಎಂಬುದನ್ನೂ ಹೇಳಿಬಿಡುತ್ತೇನೆ. ಮೇಲಿನ ಬದಲಾವಣೆ ಮಾಡಿ ಆರು ವಾರ ಆದ ಮೇಲೂ ನಿದ್ದೆ ಏಳು ಗಂಟೆ ಮುಟ್ಟದಿದ್ದರೆ ಮೊದಲು ವಾಲಿಬಾಲ್, ಆಮೇಲೆ ಪಿಟೀಲಿನ ಎರಡನೇ ಪಾಠ ಬಿಡಿ. ಉತ್ತರಪತ್ರಿಕೆಯಲ್ಲಿ ‘ಗೊತ್ತಿಲ್ಲದ್ದು’ ಎಂಬ ಗುಂಪು 2ರಿಂದ 8-10ಕ್ಕೆ ಏರಿದರೆ ಆಗ ಓದಿಗೆ ಹೊತ್ತೇ ಸಾಲುತ್ತಿಲ್ಲ ಎಂದರ್ಥ. ಊಟ ಸೇರದಿರುವುದು, ಪರೀಕ್ಷೆ ಎಂದರೆ ಹೊಟ್ಟೆನೋವು, ಕಾರಣವಿಲ್ಲದೆ ಅಳು, ನೆಚ್ಚಿನ ಕೃತಿಯೂ ಬೇಡವೆನ್ನುವುದು ಎರಡು ವಾರ ಮೀರಿದರೆ ಅದು ವೇಳಾಪಟ್ಟಿಯ ಸಮಸ್ಯೆಯಲ್ಲ. ಆಪ್ತಸಮಾಲೋಚಕರನ್ನು ಕಾಣಿ, ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ.

ನಿಮ್ಮ ಪತ್ರದಲ್ಲಿ ನಿಮ್ಮ ಅಭಿಪ್ರಾಯ ಇದೆ, ನಿಮ್ಮ ಹೆಂಡತಿಯದ್ದಿದೆ, ಗುರುಗಳದ್ದಿದೆ. ಮಗಳು ಏನು ಹೇಳುತ್ತಾಳೆ ಎಂಬುದು ಎಲ್ಲೂ ಇಲ್ಲ. ಈ ಲೆಕ್ಕದ ಹಾಳೆಯನ್ನು ಅವಳ ಮುಂದಿಟ್ಟು, ಯಾವುದು ಕಡಿಮೆಯಾದರೆ ನಡೆಯುತ್ತದೆ, ಯಾವುದನ್ನು ಮುಟ್ಟಬಾರದು ಎಂದು ಅವಳನ್ನೇ ಕೇಳಿ. ಪಿಟೀಲಿಗಿಂತ ವಾಲಿಬಾಲೇ ಇಷ್ಟ ಎಂದು ಅವಳು ಹೇಳಿದರೆ ನಾನು ಮೇಲೆ ಬರೆದ ಹಂಚಿಕೆಯನ್ನು ತಿರುಗಿಸಿ ಮಾಡಿ. ಅವಳೇ ಒಪ್ಪಿ ಹಾಕಿದ ಪಟ್ಟಿ ಡಿಸೆಂಬರ್‌ವರೆಗೂ ಬಾಳುತ್ತದೆ, ನೀವು ಹಾಕಿಕೊಟ್ಟದ್ದು ದಸರಾ ದಾಟುವುದು ಕಷ್ಟ.

ಮಧ್ಯವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆ ಬಂದ ದಿನ ಒಟ್ಟು ಅಂಕ ನೋಡುವ ಮೊದಲು ಇದೇ ನಾಲ್ಕು ಗುಂಪು ಮಾಡಿ. ವಾಕ್ಯ ಬಾರದೆ ಹೋದ ಅಂಕ, ಸಮಯ ಸಾಲದೆ ಹೋದ ಅಂಕ ಎರಡೂ ಸೇರಿ 50ಕ್ಕೆ 6ರ ಒಳಗೆ ಬಂದಿದ್ದರೆ ದಾರಿ ಸರಿಯಿದೆ, ಪಿಟೀಲಿನ ಮಾತು ಎತ್ತುವುದೇ ಬೇಡ. ಇನ್ನೂ 12ರ ಆಸುಪಾಸಿನಲ್ಲಿದ್ದರೆ ಎರಡು ಕಂಬದ ಆ ನೋಟ್‌ಬುಕ್ ತರಿಸಿ ನೋಡಿ, ಎಷ್ಟು ಪುಟ ತುಂಬಿದೆ ಎಂದು.